ಚಾತುರ್ಮಾಸಕ್ಕೆ ನಿಂತ ಕೊಲೆಗಾರ

ಜಿರಲೆ ಕಂಡರೆ ಅದನ್ನು ರಟ್ಟಿನ ಮೇಲೆ ಹತ್ತಿಸಿಕೊಂಡು ಹಿತ್ತಲಿಗೆ ಒಯ್ದು ಬಿಟ್ಟುಬರುವ ಮನೆ ನಮ್ಮದು. ನೀರು ಸೋಸದೆ ಕುಡಿಯುವಂತಿಲ್ಲ, ಹೊತ್ತು ಮುಳುಗಿದ ಮೇಲೆ ಉಣ್ಣುವಂತಿಲ್ಲ, ಸೊಳ್ಳೆ ಕಚ್ಚಿದರೆ ಕೈ ಎತ್ತುವ ಮೊದಲು ಅತ್ತೆ ಎಲ್ಲಿದ್ದಾರೆಂದು ಒಮ್ಮೆ ನೋಡಬೇಕು. ಅಂಥ ಜೈನರ ಮನೆಯ ಸೊಸೆಯಾದ ನಾನು ಹೋದ ವರ್ಷದ ಬೇಸಿಗೆಯನ್ನೆಲ್ಲ ಪರದೇಶದ ಒಬ್ಬ ಮುದುಕ ಮಂತ್ರಿಗೆ ಗುಂಡು ಯಾವಾಗ ಬಿದ್ದೀತು ಎಂದು ಕಾಯುವುದರಲ್ಲಿ ಕಳೆದೆ. ಬಿದ್ದರೆ ಸಾಕಪ್ಪಾ ಎಂದು ಮನಸ್ಸಿನಲ್ಲೇ ಅಂದುಕೊಂಡದ್ದೂ ಉಂಟು. ಬಸದಿಯಲ್ಲಿ ಕಣ್ಣು ಮುಚ್ಚಿ ಕೂತಾಗ ಬೇರೆಯವರಿಗೆ ಏನು ಕಾಣುತ್ತದೋ ಗೊತ್ತಿಲ್ಲ, ನನಗೆ ಮಾತ್ರ ದುರ್ಬೀನು ಹಚ್ಚಿದ ಬಂದೂಕು ಕಾಣುತ್ತಿತ್ತು.

ಪುಸ್ತಕ ಸಿಕ್ಕಿದ್ದು ಕೊಲ್ಲಾಪುರದಲ್ಲಿ. ನಾದಿನಿಯ ಮನೆಗೆ ಹೋದಾಗ ರಸ್ತೆ ಬದಿಗೆ ಹಳೆಯ ಪುಸ್ತಕ ಹರಡಿಕೊಂಡು ಕೂತವನ ಹತ್ತಿರ ಕಂಡಿತು. ಇಂಗ್ಲಿಷಿನ ಯಾವುದೋ ಕಾದಂಬರಿಯ ಮರಾಠಿ ಅನುವಾದ. ಕೊಲ್ಲುವುದನ್ನೇ ಕಸುಬು ಮಾಡಿಕೊಂಡವನೊಬ್ಬನಿಗೆ ಮಂತ್ರಿಯನ್ನು ಮುಗಿಸುವ ಕೆಲಸ ಒಪ್ಪಿಸುತ್ತಾರೆ. ಅವನ ಮುಖ ಯಾರೂ ನೋಡಿಲ್ಲ. ಗಡಿಯಾರ ರಿಪೇರಿಯವನ ವೇಷದಲ್ಲಿ, ಸಾಮಾನಿನ ಪೆಟ್ಟಿಗೆಯಲ್ಲಿ ಬಂದೂಕಿನ ತುಂಡುಗಳನ್ನು ಅಡಗಿಸಿಕೊಂಡು, ರೈಲಿನಲ್ಲಿ ಊರಿಂದ ಊರಿಗೆ ಸಾಗುತ್ತಾನೆ. ಅವನನ್ನು ಹುಡುಕುತ್ತ ಹಿಂದೆ ಬರುವವನು ಹೊಟ್ಟೆನೋವಿನ ಒಬ್ಬ ಮುದಿ ಪೊಲೀಸ್ ಅಧಿಕಾರಿ. ಹೊಸ ಸೇತುವೆಯ ಉದ್ಘಾಟನೆಗೆ ಮಂತ್ರಿ ಬರುವ ದಿನ ಕೆಲಸ ಆಗಬೇಕು. ಮೊದಲ ಪುಟ ಓದಿದವಳು ಅಲ್ಲೇ ನಿಂತು ಹತ್ತು ಪುಟ ಓದಿದೆ. ಅಂಗಡಿಯವನು, ನಿಮ್ಮ ನೆರಳು ಪುಸ್ತಕಗಳ ಮೇಲೆ ಬೀಳುತ್ತಿದೆ, ಕೊಂಡು ಮನೆಗೆ ಹೋಗಿ ಓದಿರಿ ಎಂದು ಮರಾಠಿಯಲ್ಲಿ ಗದರಿಸಿದ ಮೇಲೆ ಕೊಂಡೆ.

ಇಚಲಕರಂಜಿಯ ನಮ್ಮ ಮನೆಯಲ್ಲಿ ಅದನ್ನು ಇಡುವುದೆಲ್ಲಿ? ಮುಖಪುಟದ ಮೇಲೆ ರಕ್ತ ಸುರಿಯುವ ಕೈ. ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಗೊಮ್ಮಟನ ಚಿತ್ರ ಮೇಲೆ ಬರುವ ಹಾಗೆ ಹೊದಿಕೆ ಹಾಕಿದೆ. ಆ ವೇಷ ತೊಡಿಸಿದಾಗ ನನ್ನ ಜಾಣತನಕ್ಕೆ ನಾನೇ ಮೆಚ್ಚಿದ್ದೆ. ಕಥೆಯ ಕೊಲೆಗಾರನಿಗಿಂತ ನಾನೇನು ಕಡಿಮೆ ಅನ್ನಿಸಿತ್ತು.

ಇನ್ನು ಅತ್ತೆಯ ಬಗ್ಗೆ ಹೇಳಬೇಕು. ಎಂಬತ್ತರ ಹತ್ತಿರ ಬಂದವರು. ತವರು ಗಡಿಂಗ್ಲಜ ತಾಲೂಕಿನ ನೂಲ. ನಾನೂ ಗಡಿಂಗ್ಲಜದವಳೇ, ಆದರೆ ಸೋದರಮಾವನ ಮನೆಯಲ್ಲಿದ್ದು ಗಡಿಯಾಚೆ ಕರ್ನಾಟಕದ ಸಂಕೇಶ್ವರದಲ್ಲಿ ಕನ್ನಡ ಶಾಲೆ ಕಲಿತವಳು. ಹೀಗಾಗಿ ಕನ್ನಡ ಬರೆಯುತ್ತೇನೆ, ಮರಾಠಿ ಓದುತ್ತೇನೆ, ಎರಡರಲ್ಲೂ ಜಗಳಾಡುತ್ತೇನೆ. ಅತ್ತೆ ಮಾತ್ರ ಜಗಳಾಡಿದವರೇ ಅಲ್ಲ. ಜಗಳಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಮದುವೆಯಾಗಿ ಬಂದ ದಿನದಿಂದ ಅವರು ನನ್ನ ಹಿಂದೆ ಸುಮ್ಮನೆ ಬರುತ್ತಿದ್ದರು. ನಾನು ಒಲೆ ಒರೆಸಿ ಹೋದರೆ ಹಿಂದೆ ಬಂದು ಬೆರಳಾಡಿಸಿ ನೋಡುವರು. ತವರಿನಿಂದ ಬಂದಾಗ ನನ್ನ ಸೆರಗು ಸರಿಮಾಡುವ ನೆಪದಲ್ಲಿ ಬೆಳ್ಳುಳ್ಳಿ ವಾಸನೆ ಇದೆಯೋ ಹೇಗೆ ಎಂದು ಮೂಸುವರು. ಸಿಕ್ಕಿಬಿದ್ದರೂ ಒಂದು ಮಾತಿಲ್ಲ, ಬರೀ ಒಂದು ನೋಟ. ಇಪ್ಪತ್ತು ಚಿಲ್ಲರೆ ವರ್ಷ ನಮ್ಮಿಬ್ಬರ ನಡುವೆ ಆದ ಮಾತೆಂದರೆ ಉಪ್ಪು, ಹಾಲು, ನಳದ ನೀರು, ಅಷ್ಟೇ.

ಕೆಳಗೆ ನಮ್ಮವರ ಕರೆಂಟಿನ ಮಗ್ಗಗಳು, ಮೇಲೆ ಮನೆ. ಹಗಲೆಲ್ಲ ಖಟಖಟ ಸದ್ದು. ಒಂದು ಮಧ್ಯಾಹ್ನ ಊಟವಾದ ಮೇಲೆ ಪುಸ್ತಕ ಹಿಡಿದು ಮೂಲೆಗೆ ಕೂತಿದ್ದೆ. ಪೊಲೀಸನಿಗೆ ಆಗಷ್ಟೇ ಒಂದು ಸುಳಿವು ಸಿಕ್ಕಿತ್ತು. ಕಣ್ಣಿಗೆ ಪೊರೆ ಬಂದ ಅತ್ತೆ ಹತ್ತಿರ ಬಂದು ಗೊಮ್ಮಟನ ಚಿತ್ರವನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು.

"ಒಬ್ಬಾಕಿನ ಪುಣ್ಯಾ ಕಟ್ಟಿಕೋತಿ ಏನ? ಜೋರ ಓದು, ನಾನೂ ಕೇಳತೇನಿ."

ಏನು ಮಾಡಲಿ? ಇಲ್ಲವೆಂದರೆ ಪುಸ್ತಕ ಇಸಿದುಕೊಂಡು ಮಗನಿಂದ ಓದಿಸುವವರು. ಮೊದಲ ಪುಟಕ್ಕೆ ತಿರುಗಿ, ಮರಾಠಿ ಸಾಲು ನೋಡುತ್ತ ಕನ್ನಡದಲ್ಲಿ ಶುರುಮಾಡಿದೆ. ಒಂದು ದೇಶ, ಅಲ್ಲೊಬ್ಬ ರಾಜ, ರಾಜನಿಗೆ ಒಬ್ಬ ವೈರಿ. ಅತ್ತೆ ಕೈಮುಗಿದುಕೊಂಡು ಕೇಳಿದರು. ಸ್ವಲ್ಪ ಹೊತ್ತಾದ ಮೇಲೆ ಕೈ ಇಳಿಯಿತು.

"ರೈಲಿನ್ಯಾಗ ಹೊಂಟಾನಂದ್ಯಲ್ಲ, ಇದು ಯಾವ ಪುರಾಣ?"

"ಹೊಸಾದು ಐತ್ರಿ ಅತ್ಯಾರ."

"ಹೂಂ," ಅಂದರು. ಆಮೇಲೆ, "ಅಷ್ಟ ದೂರ ಹೊಂಟಾನ, ಬುತ್ತಿ ಕಟ್ಟಿಕೊಂಡಾನಿಲ್ಲೋ?"

ಪುಸ್ತಕದಲ್ಲಿ ಅವನು ರೈಲಿನ ಊಟದ ಬೋಗಿಯಲ್ಲಿ ಕೂತು ಅರ್ಧ ಬೆಂದ ದನದ ಮಾಂಸ ತಿನ್ನುತ್ತಿದ್ದ, ಜೊತೆಗೆ ಕೆಂಪು ಮದ್ಯ. "ಕಟಗೊಂಡಾನ್ರಿ, ಝುಣಕಾ ರೊಟ್ಟಿ," ಅಂದೆ. ಅತ್ತೆಗೆ ಸಮಾಧಾನವಾಯಿತು. ಅಲ್ಲಿಂದ ಸುರುವಾದ ನನ್ನ ಸುಳ್ಳಿಗೆ ಮಿತಿಯೇ ಉಳಿಯಲಿಲ್ಲ. ಹೊಟ್ಟೆನೋವಿನ ಪೊಲೀಸ್ ವಿಸ್ಕಿ ಕುಡಿದಾಗಲೆಲ್ಲ ಜೀರಿಗೆ ಕಷಾಯ ಕುಡಿದ. ಕೊಲೆಗಾರ ಹೊತ್ತು ಮುಳುಗುವ ಮುಂಚೆ ಉಂಡ. ಒಂದು ಊರಿನಲ್ಲಿ ಅವನು ಒಬ್ಬ ಹೆಂಗಸಿನ ಜೊತೆ ಹೋಟೆಲಿನ ಕೋಣೆಗೆ ಹೋದ. ಅವಳನ್ನು ಅವನ ಅಕ್ಕ ಅಂದುಬಿಟ್ಟೆ.

"ಅಕ್ಕನ ಮನಿಗೆ ಬರಿಗೈಲೆ ಹೋದನ?"

"ಇಲ್ರಿ, ಸೀರಿ ಒಯ್ದಾನ."

ಮುಂದಿನ ಪುಟದಲ್ಲಿ ಅವನು ಆ ಹೆಂಗಸಿನ ಕುತ್ತಿಗೆ ಹಿಸುಕಿ ಅಲಮಾರಿಯಲ್ಲಿ ತುರುಕಿದ. ಅಕ್ಕ ತವರಿಗೆ ಹೋದಳೆಂದು ಹೇಳಿ ಪುಟ ತಿರುವಿದೆ. ಆ ಮಧ್ಯಾಹ್ನ ಬೆವೆತಷ್ಟು ನಾನು ಹೆರಿಗೆಯಲ್ಲೂ ಬೆವೆತಿರಲಿಲ್ಲ.

ಆದರೆ ಒಂದು ಆಯಿತು. ದಿನಾ ಊಟವಾದ ಕೂಡಲೇ ಅತ್ತೆ ಚಾಪೆ ಹಾಸಿ ಕೂರತೊಡಗಿದರು. ಬೆಳಿಗ್ಗೆ ನಾನು ರೊಟ್ಟಿ ಬಡಿಯುವಾಗ ಹಿಂದೆ ಬಂದು ನಿಂತು, ಒಲೆ ನೋಡುವುದನ್ನು ಬಿಟ್ಟು, "ಆ ಪೊಲೀಸಪ್ಪಗ ಹೊಟ್ಟಿನೋವ ಕಡಿಮಿ ಆಗೈತೇನ?" ಎಂದು ಕೇಳತೊಡಗಿದರು. ಆ ಪೊಲೀಸನಿಂದ ಅವರ ಅಪ್ಪನ ಹೊಟ್ಟೆನೋವಿಗೆ ಬಂದೆವು, ಅಪ್ಪನಿಂದ ನೂಲದ ಹೊಲಕ್ಕೆ, ಹೊಲದಿಂದ ಅವರು ಮದುವೆಯಾಗಿ ಇಚಲಕರಂಜಿಗೆ ಬಂದ ಮೊದಲ ವರ್ಷ ಮಗ್ಗದ ಸದ್ದಿಗೆ ಹೆದರಿ ಅತ್ತಿದ್ದಕ್ಕೆ. ನಾನೂ ಬಂದ ವರ್ಷ ಹಾಗೇ ಅತ್ತಿದ್ದೆ. ಅದನ್ನು ಯಾರಿಗೂ ಹೇಳಿರಲಿಲ್ಲ, ಅವರಿಗೆ ಹೇಳಿದೆ. ದಿನದಲ್ಲಿ ಆ ಒಂದು ತಾಸು ನನಗೆ ಬೇಕೇಬೇಕು ಅನ್ನಿಸತೊಡಗಿತು. ಪುಸ್ತಕ ಬೇಗ ಮುಗಿಯದಿರಲೆಂದು, ಇಲ್ಲದ ಸ್ಟೇಷನ್ನುಗಳಲ್ಲಿ ರೈಲು ನಿಲ್ಲಿಸತೊಡಗಿದೆ. ಕೊಲೆಗಾರನಿಗೆ ಎರಡು ಸಲ ನೆಗಡಿ ಬರಿಸಿದೆ.

ಮಗ್ಗದ ಸದ್ದಿನ ಮೇಲೆ ಕೇಳಿಸಬೇಕೆಂದರೆ ಕೂಗಿಯೇ ಹೇಳಬೇಕು. ಒಂದು ದಿನ ಕೊಲೆಗಾರ ಮಂತ್ರಿಯ ಬಗ್ಗೆ ತನ್ನ ಧಣಿಗೆ ಮಾತು ಕೊಡುವ ಜಾಗಕ್ಕೆ ಬಂದಿದ್ದೆ. ರಂಗದ ಮೇಲಿದ್ದವಳ ಹಾಗೆ ಎದ್ದು ನಿಂತು, ಕೈ ಚಾಚಿ, "ವಯಸ್ಸಾದ ಜೀವ! ಒಂದ ಏಟಿಗೆ ಮುಗೀತೈತಿ! ಯಾರಿಗೂ ಗೊತ್ತಾಗಂಗಿಲ್ಲ!" ಎಂದು ಚೀರುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಮಗ್ಗ ನಿಂತವು. ಓಣಿಯೆಲ್ಲ ಸ್ತಬ್ಧ. ಎದುರುಮನೆಯಾಕೆ ಹಿಟ್ಟಿನ ಕೈಯಲ್ಲೇ ಮೆಟ್ಟಿಲೇರಿ ಓಡಿಬಂದಳು. ಬಂದವಳು ಮೊದಲು ಅತ್ತೆಯನ್ನು ಮುಟ್ಟಿ ನೋಡಿದಳು, ಆಮೇಲೆ ನನ್ನ ಕೈ ನೋಡಿದಳು. ಕೈಯಲ್ಲಿ ಪುಸ್ತಕ ಬಿಟ್ಟರೆ ಏನೂ ಇರಲಿಲ್ಲ.

"ಪುರಾಣಾ ಓದಾಕತ್ತಾಳ," ಅಂದರು ಅತ್ತೆ, ಮುಖದ ಒಂದು ಗೆರೆಯೂ ಅಲುಗದೆ.

ಎದುರುಮನೆಯಾಕೆ ನಂಬಲಿಲ್ಲ. ನಾನು ಅವಳಾಗಿದ್ದರೂ ನಂಬುತ್ತಿರಲಿಲ್ಲ. ಹದಿನೈದು ದಿನದೊಳಗೆ ಓಣಿಯ ಹೆಂಗಸರೆಲ್ಲ, ಹೋಗುತ್ತ ಬರುತ್ತ, ಅತ್ತೆಯ ಆರೋಗ್ಯ ಹೇಗಿದೆ ಎಂದು ನನ್ನನ್ನು ವಿಚಾರಿಸತೊಡಗಿದರು. ಅದನ್ನು ಕೇಳುವ ಧಾಟಿಗೆ ನನ್ನ ಮೈ ಉರಿಯುತ್ತಿತ್ತು.

ಅಷ್ಟರಲ್ಲಿ ಮಳೆಗಾಲ ಬಂತು, ಚಾತುರ್ಮಾಸ ಶುರುವಾಯಿತು. ಊರಿಂದೂರಿಗೆ ನಡೆದೇ ಹೋಗುವ ನಮ್ಮ ಮುನಿಗಳು ಈ ನಾಲ್ಕು ತಿಂಗಳು ಒಂದೇ ಕಡೆ ನೆಲೆ ನಿಲ್ಲುತ್ತಾರೆ. ಆ ಸಲ ಅಂಥ ಒಬ್ಬ ಮುನಿ ಮಹಾರಾಜರು ನಮ್ಮ ಓಣಿಯ ಬಸದಿಯಲ್ಲೇ ನಿಂತರು. ಮೊದಲ ಪ್ರವಚನದ ಕೊನೆಗೆ ಎಲ್ಲರೂ ಒಂದೊಂದು ನಿಯಮ ತೆಗೆದುಕೊಳ್ಳುವ ಪದ್ಧತಿ. ನಾಲ್ಕು ತಿಂಗಳು ಏನಾದರೊಂದನ್ನು ಬಿಡುವುದಾಗಿ ಎದ್ದು ನಿಂತು ಹೇಳಬೇಕು. ಆಲೂಗಡ್ಡೆ, ಗಜ್ಜರಿ ಎಲ್ಲರೂ ಬಿಡುತ್ತಾರೆ, ಅದರಲ್ಲಿ ಹೆಚ್ಚುಗಾರಿಕೆ ಇಲ್ಲ. ಎದುರುಮನೆಯಾಕೆ ಮೈಕು ಹಿಡಿದು ತುಪ್ಪ ಬಿಟ್ಟೆ ಅಂದಳು. ಎಲ್ಲರೂ ಜಯಕಾರ ಹಾಕಿದರು. ಅಷ್ಟಕ್ಕೆ ನಿಲ್ಲಿಸಬೇಕಲ್ಲ, ಸಕ್ಕರೆಯನ್ನೂ ಬಿಟ್ಟಳು. ಬಿಟ್ಟು ನನ್ನ ಕಡೆ ಮೈಕು ಚಾಚಿ ಒಂದು ನಗೆ ನಕ್ಕಳು. ಆ ನಗೆಯಲ್ಲಿ ನನ್ನ ಕರೆಂಟು ಹೋದ ಮಧ್ಯಾಹ್ನ ಪೂರ್ತಿ ಇತ್ತು.

ನಾನು ಮನೆಯಿಂದ ಹೊರಡುವಾಗ ಬದನೆಕಾಯಿ ಬಿಡುವುದೆಂದು ನಿಶ್ಚಯಿಸಿದ್ದೆ. ನಮ್ಮವರಿಗೆ ಅದು ಸೇರುವುದಿಲ್ಲ, ನನಗೆ ನಷ್ಟವಿಲ್ಲ. ಆದರೆ ತುಪ್ಪ ಸಕ್ಕರೆಯ ಮುಂದೆ ಬದನೆಕಾಯಿ ಯಾವ ಲೆಕ್ಕ? ಮೈಕಿನಲ್ಲಿ ನನ್ನದೇ ಧ್ವನಿ ಕೇಳಿಸಿತು. "ಕಥಿ ಕಾದಂಬರಿ ಓದೂದು ನಾಕ ತಿಂಗಳ ತ್ಯಾಗ ಮಾಡತೇನ್ರಿ." ಮಹಾರಾಜರು ಸಂತೋಷದಿಂದ ನವಿಲುಗರಿಯ ಪಿಂಛಿ ಎತ್ತಿ ಆಶೀರ್ವಾದ ಮಾಡಿದರು. ಇಂಥ ನಿಯಮ ಯಾರೂ ತೆಗೆದುಕೊಂಡಿದ್ದಿಲ್ಲ ಎಂದು ಹೊಗಳಿದರು. ಜಯಕಾರ ತುಪ್ಪಕ್ಕಿಂತ ಜೋರಾಗಿಯೇ ಆಯಿತು. ಗೆದ್ದೆ ಎಂದು ಕೂತುಕೊಂಡು ಪಕ್ಕಕ್ಕೆ ನೋಡಿದರೆ ಅತ್ತೆ ನನ್ನನ್ನೇ ನೋಡುತ್ತಿದ್ದರು. ಬೆಳ್ಳುಳ್ಳಿಯ ಕಾಲದ ಅದೇ ನೋಟ.

ಮರುದಿನ ಮಧ್ಯಾಹ್ನ ಅವರು ಚಾಪೆ ಹಾಸಿ ಕೂತೇ ಇದ್ದರು. ನಿಯಮದ ಮಾತು ತೆಗೆದೆ.

"ನನ್ನ ಒಂದ ಮಾತ ಕೇಳಿದ್ಯಾ?" ಅಂದರು. "ಆಂವ ಅಲ್ಲಿ ಸೇತುವಿ ಎದುರಿಗೆ ಕೋಣಿ ಹಿಡದ ಕುಂತಾನ. ಹೊರಗ ಬರ್ಫ ಬೀಳಾಕತ್ತೈತಿ. ಪೊಲೀಸಪ್ಪ ಅದ ಊರಾಗ ಇಳದಾನ. ಈಗ ಏನ, ನಮ್ಮ ಮಹಾರಾಜರಂಗ ಆಂವನೂ ನಾಕ ತಿಂಗಳ ಅಲ್ಲೇ ನಿಂದ್ರಬೇಕ?"

ನನಗೆ ನಗು ಬಂತು. ಅವರು ನಗಲಿಲ್ಲ.

"ಆಂವ ನಿಂದ್ರತಾನ, ಹರೇದಾಂವ. ನಾ ನಿಂದ್ರತೇನೋ ಇಲ್ಲೋ ಯಾರಿಗೆ ಗೊತ್ತ?"

ರಾತ್ರಿ ಊಟವೇ ಇಲ್ಲದ ನಮ್ಮ ಮನೆಯಲ್ಲಿ ಅವತ್ತು ಸಂಜೆಯ ಊಟದ ಹೊತ್ತಿಗೇ ನಮ್ಮವರನ್ನು ಹಿಡಿದು ಓದಿರೆಂದು ಬೇಡಿಕೊಂಡೆ. ಅವರಿಗೆ ನೂಲಿನ ದರ ಬಿಟ್ಟು ಬೇರೇನೂ ಓದಿ ಅಭ್ಯಾಸವಿಲ್ಲ. ಒಂದು ಪುಟವನ್ನು ಒಂದೇ ಉಸಿರಿಗೆ ಓದಿ ಆಕಳಿಸಿದರು. "ಕೊಲ್ಲತಾನೋ ಇಲ್ಲೋ ಅಷ್ಟ ತಿಳಕೋಬೇಕಲ್ಲ? ಕಡೀ ಪಾನ ನೋಡಿದರ ಆತು," ಎಂದು ಕೊನೆಯ ಪುಟ ತಿರುವಿದರು. ಅತ್ತೆ ಪುಸ್ತಕವನ್ನು ಅವರ ಕೈಯಿಂದ ಕಸಿದುಕೊಂಡರು. ಮಗನ ಕೈಯಿಂದ ಅವರು ಏನನ್ನಾದರೂ ಕಸಿದದ್ದನ್ನು ನಾನು ಅದೇ ಮೊದಲು ನೋಡಿದ್ದು.

ಎರಡು ದಿನ ಬಿಟ್ಟು ಅತ್ತೆ ಕೈಚೀಲದಲ್ಲಿ ಎರಡು ಸೀರೆ, ಆ ಪುಸ್ತಕ ಇಟ್ಟುಕೊಂಡು, "ಮಗಳ ಕಡೆ ಹೋಗಿ ಬರತೇನಿ," ಅಂದರು. ಎಂದು ಬರುತ್ತೀರಿ ಎಂದು ಕೇಳುವುದರೊಳಗೆ ಚಪ್ಪಲಿ ಮೆಟ್ಟಿಯಾಗಿತ್ತು. ನಮ್ಮವರು ಮೋಟರ್‌ಸೈಕಲ್ ಮೇಲೆ ಸ್ಟ್ಯಾಂಡಿಗೆ ಒಯ್ದು ಕೊಲ್ಲಾಪುರದ ಬಸ್ಸಿಗೆ ಕೂರಿಸಿಬಂದರು.

ಅವತ್ತಿನ ಮಧ್ಯಾಹ್ನ ಮನೆ ನನ್ನದಾಯಿತು. ಯಾರೂ ಒಲೆ ನೋಡುವವರಿಲ್ಲ. ಇಂಥ ದಿನಕ್ಕಾಗಿ ಇಪ್ಪತ್ತು ವರ್ಷ ಹಾತೊರೆದಿದ್ದೆ. ಮಲಗಿದೆ, ನಿದ್ದೆ ಬರಲಿಲ್ಲ. ಚಾಪೆ ಹಾಸಿದೆ, ಸುತ್ತಿಟ್ಟೆ. ಓದುವಂತಿಲ್ಲ, ಮಾತಾಡುವವರಿಲ್ಲ. ಹಾಗೇ ದಿನ ಹೋಗುತ್ತ, ನಾನು ಒಲೆ ಒರೆಸಿ ನಾನೇ ಬೆರಳಾಡಿಸಿ ನೋಡುವುದಕ್ಕೆ ಶುರುಮಾಡಿದೆ. ಫೋನು ಮಾಡಿದರೆ ನಾದಿನಿ, "ಅವ್ವ ಫೋನಿಗೆ ಬರಂಗಿಲ್ಲ ಅಂತಾಳ ವೈನಿ," ಅಂದಳು. ನನಗೆ ನಿಜಕ್ಕೂ ಹೆದರಿಕೆ ಹುಟ್ಟಿತು. ಮಗಳ ಮನೆ ದೊಡ್ಡದು, ಮಗಳಿಗೆ ಓದಲು ಬರುತ್ತದೆ. ಕಥೆ ಅಲ್ಲಿ ಮುಗಿದರೆ ಅತ್ತೆಗೆ ನನ್ನ ಹತ್ತಿರ ಬರುವುದಕ್ಕೆ ಏನಿದೆ? ಮತ್ತೆ ಉಪ್ಪು, ಹಾಲು, ನಳದ ನೀರು. ಬಂದರೆ ಅಷ್ಟಾದರೂ ಆದೀತು, ಬರದಿದ್ದರೆ ಅದೂ ಇಲ್ಲ.

ಅವರನ್ನು ಹಿಡಿದುಕೊಂಡೇ ಬರುವುದೆಂದು ಹೊರಟೆ. ಅಷ್ಟು ಪುಟ ಓದಿದ್ದರಿಂದ ಯಾರನ್ನಾದರೂ ಬೆನ್ನುಹತ್ತಿ ಹಿಡಿಯುವ ವಿದ್ಯೆ ನನಗೆ ಬಂದಿದೆ ಎಂಬ ಭ್ರಮೆಯಿತ್ತು. ಬರುತ್ತಿದ್ದೇನೆಂದು ನಾದಿನಿಗೆ ಫೋನು ಮಾಡಲಿಲ್ಲ. ಸುಳಿವು ಕೊಟ್ಟರೆ ಅಪರಾಧಿ ಪರಾರಿಯಾಗುತ್ತಾನೆ ಎಂದು ಪುಸ್ತಕದ ಪೊಲೀಸ್ ಹೇಳಿದ್ದ. ಹಾತಕಣಂಗಲೆ ದಾಟುವತನಕ ಬಸ್ಸಿನಲ್ಲಿ ನಿಂತೇ ಹೋದೆ. "ಪುಢೇ ಸರಕಾ, ಪುಢೇ!" ಎಂದು ಕಂಡಕ್ಟರು ಮುಂದಮುಂದಕ್ಕೆ ತಳ್ಳುತ್ತಿದ್ದ. ಕೊಲ್ಲಾಪುರದಲ್ಲಿ ನಾದಿನಿಯ ಬಾಗಿಲಿಗೆ ಬಂದು ನೋಡಿದರೆ ಅತ್ತೆಯ ಹಳೆಯ ಚಪ್ಪಲಿ ಅಲ್ಲೇ ಇವೆ. ಒಳಗೇ ಇದ್ದಾರೆ, ನನ್ನ ಧ್ವನಿ ಕೇಳಿ ಕೋಣೆ ಸೇರಿದ್ದಾರೆ ಎಂದು ತೀರ್ಮಾನಿಸಿದೆ. ನಾದಿನಿ ಅಡುಗೆಮನೆಯಿಂದ ಬರುವುದರೊಳಗೆ ಒಳಗಿನ ಕೋಣೆಯ ಪರದೆಯನ್ನು ಒಮ್ಮೆಲೇ ಸರಿಸಿ, "ಸಿಕ್ಕರಿ!" ಅಂದೆ.

ನಾದಿನಿಯ ಗಂಡ ಬನಿಯನ್ನಿನಲ್ಲಿ ಮಲಗಿದ್ದವರು ಬೆಚ್ಚಿ ಎದ್ದು ಕೂತರು. ಅವರಿಗೂ ನನಗೂ ಅವತ್ತಿನಿಂದ ಮುಖ ಕೊಟ್ಟು ಮಾತಿಲ್ಲ.

"ಅಗಬಾಯಿ, ವೈನಿ!" ಎಂದು ನಾದಿನಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಅವ್ವ ನಿನ್ನೇನ ನೂಲಕ್ಕ ಹೋದಳ್ರಿ, ಮಾಮಾನ ಮನಿಗೆ. ಹೊಸಾ ಚಪ್ಪಲ ಕೊಡಿಸಿದ್ದೆ, ಹಳೇವು ಇಲ್ಲೇ ಬಿಟ್ಟಾಳ." ಆಮೇಲೆ ನಗು ನಿಲ್ಲಿಸಿ ನನ್ನನ್ನು ಕೂರಿಸಿದಳು. "ಖರೇ ಹೇಳ್ರಿ, ನೀವು ಅವ್ವಗ ಏನ ಓದಿ ಹೇಳೀರಿ? ನಾ ಮೊದಲಿಂದ ಓದಾಕ ಕುಂತೆ. ಆಂವ ಗೋಮಾಂಸ ತಿಂತಾನಂತ ಓದಿದರ ಅವ್ವ, 'ತಪ್ಪ ಓದಾಕತ್ತಿ, ಆಂವ ನಮ್ಮಂಗ ಉಣ್ಣಾಂವ' ಅಂದಳು. ಆ ಹೆಣ್ಣಮಗಳ್ನ ಕೊಂದದ್ದು ಬಂತು, 'ಆಕಿ ಆಂವನ ಅಕ್ಕ, ತವರಿಗೆ ಹೋಗ್ಯಾಳ' ಅಂದಳು. ಮುಂದ ಪೊಲೀಸ ದಾರು ಕುಡದದ್ದು ಓದಿದೆ. ಅದರ ಮ್ಯಾಲ ಅವ್ವ ನನ್ನ ತಪ್ಪ ತೆಗೀಲಿಲ್ಲ ನೋಡ್ರಿ."

ನೆಲ ಬಾಯಿ ಬಿಟ್ಟರೆ ಇಳಿದುಹೋಗುತ್ತಿದ್ದೆ. ಕೊಲ್ಲಾಪುರದ ಕಾಂಕ್ರೀಟು ನೆಲ, ಬಿಡಲಿಲ್ಲ.

"ಪೂರಾ ಕೇಳಿದರೇನ?"

"ಕಡೀತನಕ ಓದಿಸಿಕೊಂಡಳು. ಮರುದಿನ ಎದ್ದಾಕಿನ ಗಡಿಂಗ್ಲಜ ಬಸ್ಸಿಗೆ ಕುಂದ್ರಿಸು ಅಂದಳು. ಅಲ್ರಿ, ಕಡೀಕ ಏನಾತು ಅಂದರ, ಆ ಮಂತ್ರಿ..."

ನಾನು ಎರಡೂ ಕಿವಿ ಮುಚ್ಚಿಕೊಂಡು ಎದ್ದುನಿಂತೆ. ನಿಯಮ ಓದುವುದಕ್ಕೆ ಇತ್ತು, ಕೇಳುವುದಕ್ಕೆ ಇರಲಿಲ್ಲ. ಕೇಳಿದ್ದರೆ ಪಾಪವೇನೂ ಬರುತ್ತಿರಲಿಲ್ಲ. ಆದರೆ ಅತ್ತೆಯ ಜೊತೆ ಅಷ್ಟು ದೂರ ಬಂದ ಕಥೆಯ ಕೊನೆಯನ್ನು, ಹಾಲು ಕಾಯಲಿಟ್ಟು ಬಂದ ನಾದಿನಿ ಗಡಿಬಿಡಿಯಲ್ಲಿ ಹೇಳಿಬಿಡುವುದು ನನಗೆ ಸಹ್ಯವಾಗಲಿಲ್ಲ.

ಕೊಲ್ಲಾಪುರದಿಂದ ಗಡಿಂಗ್ಲಜದ ಬಸ್ಸು ನಿಪ್ಪಾಣಿ, ಸಂಕೇಶ್ವರದ ಮೇಲಿಂದ ಹೋಗುತ್ತದೆ. ಅಂದರೆ ಮಹಾರಾಷ್ಟ್ರದಿಂದ ಹೊರಟು, ಕರ್ನಾಟಕದೊಳಗೆ ನುಗ್ಗಿ, ಮತ್ತೆ ಮಹಾರಾಷ್ಟ್ರ ಸೇರುತ್ತದೆ. ಪುಸ್ತಕದಲ್ಲಿ ಒಂದು ಗಡಿ ದಾಟುವುದಕ್ಕೆ ಕೊಲೆಗಾರ ಎಷ್ಟೆಲ್ಲ ಪಾಡು ಪಟ್ಟಿದ್ದ. ನಾನು ಒಂದೇ ಟಿಕೀಟಿನಲ್ಲಿ ಎರಡು ಗಡಿ ದಾಟಿದೆ, ನಡುವೆ ಒಂದು ನಿದ್ದೆಯನ್ನೂ ತೆಗೆದೆ. ನಿದ್ದೆ ಬರುವ ಮೊದಲು ಮಾತ್ರ ಅತ್ತೆಯ ಎದುರಿಗೆ ಏನು ಹೇಳುವುದೆಂದು ಎಷ್ಟೋ ಬಗೆಯಲ್ಲಿ ಹೊಂದಿಸಿ ನೋಡಿದ್ದೆ. ಅನುವಾದದ ತಪ್ಪು ಅನ್ನಲೇ? ಪುಸ್ತಕ ಅದಲುಬದಲಾಗಿದೆ ಅನ್ನಲೇ? ಎಂಬತ್ತು ವರ್ಷದ ಹೆಂಗಸಿಗೆ ಪುರಾಣವೆಂದು ಕೊಲೆಯ ಕಥೆ ಹೇಳಿ, ಅದನ್ನೂ ನೆಟ್ಟಗೆ ಹೇಳಲಿಲ್ಲ. ಅವರಿಗೆ ಮೋಸ ಹೋದೆನೆಂದು ನೋವಾಗಿದ್ದರೆ ಅದನ್ನು ತೆಗೆಯುವ ಮಾತು ನನ್ನ ಹತ್ತಿರ ಕನ್ನಡದಲ್ಲೂ ಇರಲಿಲ್ಲ, ಮರಾಠಿಯಲ್ಲೂ ಇರಲಿಲ್ಲ.

ನೂಲದಲ್ಲಿ ಬಸ್ಸಿಳಿದಾಗ ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಅತ್ತೆ ತಮ್ಮನ ಮನೆಯ ಪಡಸಾಲೆಯಲ್ಲಿ ಮೊರ ಮುಂದಿಟ್ಟುಕೊಂಡು ಹೆಸರುಕಾಯಿ ಬಿಡಿಸುತ್ತ ಕೂತಿದ್ದರು. ಮನೆಯವರೆಲ್ಲ ಹೊಲಕ್ಕೆ ಹೋಗಿದ್ದರು. ನಾನು ಮಾತಾಡಲಿಲ್ಲ, ಆದರೂ ಹೆಜ್ಜೆ ಸದ್ದಿಗೇ, "ಬಾ," ಅಂದರು. "ಬಸ್ಸಿನ್ಯಾಗ ಜಾಗಾ ಸಿಕ್ಕಿತ್ತ?"

"ಸಿಕ್ಕಿತ್ರಿ." ಕೂತುಕೊಂಡೆ. ಹೊಂದಿಸಿದ್ದೆಲ್ಲ ಮರೆತುಹೋಯಿತು. "ಅತ್ಯಾರ, ನಾ ನಿಮಗ ಸುಳ್ಳ ಹೇಳೇನ್ರಿ. ಆ ಝುಣಕಾ, ಆ ಅಕ್ಕ, ಎಲ್ಲಾನೂ."

"ಅಯ್ಯ ನಿನ್ನ," ಅಂದರು ಅತ್ತೆ. "ಬರ್ಫ ಬೀಳೂ ದೇಶದಾಗ ಯಾವ ಬಿಳೀ ಮನಶ್ಯಾ ಝುಣಕಾ ರೊಟ್ಟಿ ತಿಂತಾನ? ನನ್ನ ಕಣ್ಣಿಗೆ ಪೊರಿ ಬಂದೈತಿ, ತಲಿಗೆ ಬಂದಿಲ್ಲ. ಅದು ಪುರಾಣ ಅಲ್ಲಂತ ಮೊದಲ ದಿನಾನ ಗೊತ್ತಾಗಿತ್ತು."

ನಾನು ಬೆಪ್ಪಾಗಿ ನೋಡಿದೆ. ಇಡೀ ಬೇಸಿಗೆ ಬೆವರು ಸುರಿಸಿ ಕಟ್ಟಿದ್ದ ಸುಳ್ಳು. ಅದರ ಒಂದೊಂದು ತುತ್ತನ್ನೂ ಇವರು ಗೊತ್ತಿದ್ದೇ ಉಂಡಿದ್ದರು.

"ಮತ್ತ ಮಗಳ ಮನಿ ಬಿಟ್ಟ ಯಾಕ ಬಂದ್ರಿ?"

"ಆಕಿ ಭಾಳ ಗಡಿಬಿಡಿಲೆ ಓದತಾಳ. ನಡುವ ಏನರ ಕೇಳಿದರ, 'ಅವ್ವಾ, ಸುಮ್ಮ ಕೇಳು' ಅಂತಾಳ. ಆ ಪೊಲೀಸಪ್ಪನ ಹೊಟ್ಟಿನೋವ ಏನಾತು ಅಂದೆ. 'ಅದು ಮುಂದ ಬರದಿಲ್ಲ' ಅಂದಳು." ಒಂದು ಕಾಯಿ ಒಡೆದರು. "ನಿನಗ ಕಡೀದು ಗೊತ್ತಿಲ್ಲಲಾ?"

"ಇಲ್ರಿ."

"ಓದೂದು ಬಿಟ್ಟಿ. ಕೇಳೂದೇನ ಬಿಟ್ಟಿಲ್ಲ. ಹೇಳತೇನಿ ಕೇಳು."

ಹೇಳತೊಡಗಿದರು. ಮಂತ್ರಿಯ ಮೋಟಾರು ಸೇತುವೆಯ ಹತ್ತಿರ ಬಂತು. ಕೊಲೆಗಾರ ಕಿಟಕಿಯಲ್ಲಿ ಬಂದೂಕು ಜೋಡಿಸಿದ. ಬೆಳಿಗ್ಗೆ ಅವನು ರೊಟ್ಟಿ ತಿಂದಿದ್ದ, ನೆಗಡಿ ಇನ್ನೂ ಪೂರ್ತಿ ಹೋಗಿರಲಿಲ್ಲ. ಆ ನೆಗಡಿ ನಾನು ಬರಿಸಿದ್ದು! ಪೊಲೀಸ್ ಅದೇ ಮನೆಯ ಮೆಟ್ಟಿಲು ಹತ್ತುತ್ತಿದ್ದ. ಹೊಟ್ಟೆ ನೋಯುತ್ತಿತ್ತು, ನಡುವೆ ಒಂದು ಮೆಟ್ಟಿಲ ಮೇಲೆ ಕೂತ. ಕೂತವನು ಏಳಲೇ ಇಲ್ಲ.

"ಯಾಕ್ರಿ? ಆಂವ ಮ್ಯಾಲ ಅದಾನಂತ ಗೊತ್ತಿರಲಿಲ್ಲೇನ?"

"ಗೊತ್ತಿತ್ತು. ಮೊದಲಿಂದಾನ ಗೊತ್ತಿತ್ತ ಆಂವಗ, ಎಲ್ಲಿ ಇಳೀತಾನ, ಏನ ಉಣತಾನ, ಎಲ್ಲಾ ಗೊತ್ತಿತ್ತು."

"ಮತ್ತ ಯಾಕ ಹಿಡೀಲಿಲ್ಲ?"

ಪುಸ್ತಕದಲ್ಲಿ ಹೀಗೆ ಇರಲಾರದು ಎಂದು ನನಗೆ ತಿಳಿಯುತ್ತಿತ್ತು. ಅತ್ತೆ ಕೈ ನಿಲ್ಲಿಸಿದರು. ಮಬ್ಬು ಕಣ್ಣು ನನ್ನ ಕಡೆ ಇತ್ತು.

"ಹಿಡದರ ಮುಗದ ಹೋತಲ್ಲವ್ವಾ. ಆಂವನ ಹಿಂದ ಹಿಂದ ಅಡ್ಡಾಡೂದ ಆಂವಗ ಒಂದ ಕೆಲಸ. ವಯಸ್ಸಾದ ಮನಶ್ಯಾ. ಹಿಡದ ಕೊಟ್ಟ ಮನಿಗೆ ಬಂದ ಮ್ಯಾಲ, ಮಧ್ಯಾಹ್ನ ಏನ ಮಾಡಬೇಕ ಆಂವ?"

ನನಗೆ ಅಳು ಬಂತು. ಯಾವ ತಯಾರಿಯೂ ಇಲ್ಲದೆ, ಪಡಸಾಲೆಯಲ್ಲಿ, ಹೆಸರುಕಾಯಿಯ ಸಿಪ್ಪೆಯ ನಡುವೆ ಕೂತು ಅತ್ತುಬಿಟ್ಟೆ. ಅವರು ಸುಮ್ಮನಿರು ಅನ್ನಲಿಲ್ಲ. ಕಡೆಗೆ ಮೊರವನ್ನು ನನ್ನ ಕಡೆಗೆ ಎಳೆದುಕೊಂಡು ನಾನೂ ಕಾಯಿ ಬಿಡಿಸತೊಡಗಿದೆ.

"ನೀವು ಇಲ್ಲದ ನನಗೂ ಮಧ್ಯಾಹ್ನ ಹೋಗೂದಿಲ್ರಿ," ಅಂದೆ. "ಮನಿಗೆ ನಡೀರಿ."

ಇಷ್ಟು ವರ್ಷದಲ್ಲಿ ನಾನು ಅವರಿಗೆ ಏನನ್ನೂ ಬದಲಿಸದೆ ಹೇಳಿದ ಮಾತು ಅದೊಂದೇ ಇರಬೇಕು. ಅವರು ಮೂಗು ಒರೆಸಿಕೊಂಡರು, ಬಿಡಿಸಿದ ಕಾಳನ್ನು ಒಟ್ಟು ಮಾಡಿದರು, ಒಂದು ಹುಳುಕು ಕಾಳನ್ನು ಮುಟ್ಟಿಯೇ ಗುರುತಿಸಿ ಅಂಗಳಕ್ಕೆ ಎಸೆದರು.

"ಮುಂಜಾನಿ ಬಸ್ ಎಷ್ಟಕ್ಕ ಐತಿ?" ಅಂದರು.